ಫೋನಿನಲ್ಲಿ ಮಿಕ್ಸಿ ಬಿಚ್ಚುವ ವೀರಮ್ಮ

ಭದ್ರಾವತಿಯ ಹಳೇನಗರಕ್ಕೆ ಇನ್ನೂ ಹಾಲಿನ ವ್ಯಾನು ಬಂದಿಲ್ಲ. ವೀರಮ್ಮ ಅಂಗಡಿಯ ಷಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಹೊಕ್ಕು ದೀಪ ಹಾಕುವಷ್ಟರಲ್ಲಿ ಹಿಂದಿನಿಂದ ಭೀಮೇಶ್ ಕೂಗುತ್ತಾರೆ. ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಇಡ್ಲಿ ಮಾರುವ ಅವರು ಮಗುವನ್ನು ಎತ್ತಿಕೊಂಡಂತೆ ಮಿಕ್ಸಿಯನ್ನು ಎದೆಗವಚಿಕೊಂಡು ಬಂದಿದ್ದಾರೆ. ಜಾರಿನೊಳಗೆ ಅರ್ಧ ಅರೆದ ಕಾಯಿಚಟ್ನಿ ಹಾಗೇ ಇದೆ.

“ವೀರಕ್ಕಾ, ಕೈ ಕೊಟ್ಬಿಡ್ತು ನೋಡಿ. ಇನ್ನೇನು ಶಂಕರಘಟ್ಟದ ಬಸ್ಸಿಗೆ ಹೋಗೋ ಹುಡುಗ್ರು ಬರ್ತಾರೆ. ಚಟ್ನಿ ಇಲ್ದೆ ಇಡ್ಲಿ ಯಾರು ತಿಂತಾರೆ?”

“ಜಾರು ನೀವೇ ಇಟ್ಕೊಳ್ಳಿ. ಕೆಳಗಿನದ್ದು ಮಾತ್ರ ಇಲ್ಲಿಡಿ. ಮೇಲೆ ಬಿದ್ದು ಬಗ್ಗಬೇಡಿ ಮಾರಾಯ್ರೆ, ಬೆಳಕಿಗೆ ಅಡ್ಡ.”

ವೀರಮ್ಮ ಕನ್ನಡಕ ಹಾಕಿಕೊಳ್ಳುತ್ತಾರೆ. ಮೇಜಿನ ಖಾಲಿ ಜಾಗಕ್ಕೆ ಫೋನಿನ ಕ್ಯಾಮೆರಾ ಹಿಡಿಯುತ್ತಾರೆ. ಅಲ್ಲಿ ಏನೂ ಇಲ್ಲ. ಆದರೆ ಫೋನಿನ ಪರದೆಯ ಮೇಲೆ ಅದೇ ಮೇಜು, ಮೇಜಿನ ಮೇಲೊಂದು ಹೊಸ ಮಿಕ್ಸಿ. ಬೆರಳಾಡಿಸಿದರೆ ಅದರ ಹೊರಕವಚ ಮೇಲಕ್ಕೇಳುತ್ತದೆ, ಮೋಟರು ಬೇರೆಯಾಗುತ್ತದೆ, ತಾಮ್ರದ ಸುರುಳಿ, ಪುಟ್ಟ ಸ್ಪ್ರಿಂಗು, ಸ್ಕ್ರೂಗಳು ಒಂದೊಂದಾಗಿ ಗಾಳಿಯಲ್ಲಿ ತೇಲಿ ನಿಲ್ಲುತ್ತವೆ. ಅವರು ಮೇಜನ್ನು ಸುತ್ತು ಹಾಕಿ, ಹಿಂದಿನಿಂದ, ಕೆಳಗಿನಿಂದ ನೋಡಿ ಫೋನನ್ನು ಪಕ್ಕಕ್ಕಿಡುತ್ತಾರೆ. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎನ್ನುತ್ತಾರೆ. ವೀರಮ್ಮನ ಬಾಯಲ್ಲಿ ಅದು “ಗಾಳೀಲಿ ತೋರ್ಸೋದು”.

ಭೀಮೇಶರ ಮಿಕ್ಸಿಯನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದರೆ ಒಳಗೆ ಒಣಗಿದ ಕಾಯಿಹಾಲು, ಜಿರಲೆಯ ರೆಕ್ಕೆ, ಸುಟ್ಟ ವಾಸನೆ. “ಫೋನಲ್ಲಿರೋ ಮಿಕ್ಸಿ ಈಗಷ್ಟೇ ಮನೆ ತುಂಬಿಸ್ಕೊಂಡ ಮದುಮಗಳು. ನನ್ನ ಹತ್ರ ಬರೋದೆಲ್ಲ ಹತ್ತು ವರ್ಷ ಸಂಸಾರ ಮಾಡಿದ್ದು,” ಎಂದು ವೀರಮ್ಮ ನಗುತ್ತಾರೆ. ತೊಂದರೆ ದೊಡ್ಡದಲ್ಲ. ಮೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದುಹೋಗಿದೆ. ಡಬ್ಬಿಯಿಂದ ಹೊಸದನ್ನು ಹುಡುಕಿ ಕೂರಿಸುತ್ತಾರೆ. ಮಿಕ್ಸಿ ಗುರ್ ಎಂದದ್ದೇ ತಡ, ಭೀಮೇಶ್ ಅದನ್ನು ಎತ್ತಿಕೊಂಡು ಓಡುತ್ತಾರೆ.

ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ವೀರಮ್ಮನ ಗಂಡ ಗಂಗಾಧರಪ್ಪ ಇದನ್ನೆಲ್ಲ ನೋಡುತ್ತಿದ್ದಾರೆ. ಮಡಿಲಲ್ಲಿ ಬಲಗೈ ಸುಮ್ಮನೆ ಮಲಗಿದೆ. ಬೀದಿಗೆ ತೂಗುಹಾಕಿದ ಬೋರ್ಡಿನಲ್ಲಿ ಈಗಲೂ ಅವರದೇ ಹೆಸರು: ಗಂಗಾಧರಪ್ಪ ಎಲೆಕ್ಟ್ರಿಕಲ್ಸ್.

ಅವರು ಮೊದಲು ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ಮೋಟರ್ ರಿಪೇರಿ ಮಾಡುತ್ತಿದ್ದರು. ಆ ಕೆಲಸ ಹೋದಮೇಲೆ ಮನೆಯ ಮುಂದಿನ ಕೋಣೆಯ ಗೋಡೆ ಒಡೆಸಿ ಷಟರ್ ಹಾಕಿಸಿದರು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಸುಟ್ಟ ಫ್ಯಾನು ತಂದವರಿಗೆ ಫ್ಯಾನು ತಿರುಗಿಸಿ ಕೊಟ್ಟು ಸುಮ್ಮನಾಗುವ ಜಾಯಮಾನ ಅವರದಲ್ಲ. ಯಾಕೆ ಸುಟ್ಟಿತು, ಕರೆಂಟು ಎಲ್ಲಿಂದ ಬಂದು ಎಲ್ಲಿ ದಾರಿ ತಪ್ಪಿತು ಎಂದು ಬಿಡಿಸಿ ಹೇಳಲೇಬೇಕು. ಅವಸರದವರು ತಲೆಯಾಡಿಸಿ ಜಾರಿಕೊಳ್ಳುತ್ತಿದ್ದರು. ಕೇಳುವವರು ಸಿಗದಿದ್ದರೆ ಒಳಗೆ ಅಡಿಗೆಮನೆಗೆ ಕೂಗು ಹೋಗುತ್ತಿತ್ತು: “ವೀರಾ, ಬಾ ಇಲ್ಲಿ, ಒಂದು ಮಜಾ ತೋರಿಸ್ತೀನಿ.”

“ನಾನು ಒಳಗಿಂದ್ಲೇ ಕೂಗೋಳು, ಒಲೆ ಮೇಲೆ ಸಾರಿದೆ, ನಿಮ್ಮ ಮಜಾ ನೀವೇ ನೋಡ್ಕೊಳ್ಳಿ ಅಂತ,” ವೀರಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ. “ಸಾರು ಇಳಿಸಿ ಬರೋಕೆ ಎಷ್ಟೊತ್ತು ಬೇಕಿತ್ತು ಹೇಳಿ? ಬರ್ಬೋದಿತ್ತು. ಇಪ್ಪತ್ತು ವರ್ಷ ಕರೆದ್ರು. ನಾನು ಬರ್ಲಿಲ್ಲ.”

ಮೂರು ವರ್ಷದ ಹಿಂದೆ, ಕಾರ್ತಿಕದ ಒಂದು ಬೆಳಿಗ್ಗೆ, ಗಂಗಾಧರಪ್ಪ ಕುಡಿಯುತ್ತಿದ್ದ ಕಾಫಿ ತುಟಿಯ ಅಂಚಿನಿಂದ ಅಂಗಿಯ ಮೇಲೆ ಸುರಿಯಿತು. ಏನೋ ಹೇಳಲು ಹೋದರು, ಮಾತು ಕಲಸಿಹೋಯಿತು. ಹಿಂದಿನ ದಿನವಷ್ಟೇ ಹಲ್ಲು ಕೀಳಿಸಿಕೊಂಡು ಬಂದಿದ್ದರು. ಅದರದ್ದೇ ಮರಗಟ್ಟುವಿಕೆ ಇರಬೇಕು ಎಂದುಕೊಂಡ ವೀರಮ್ಮ, ಗಂಜಿ ಕುಡಿಸಿ ಮಲಗಿಸಿದರು. ಮಧ್ಯಾಹ್ನ ಎಬ್ಬಿಸಲು ಹೋದರೆ ಬಲಗಾಲು ಏಳಲಿಲ್ಲ. ಆಟೋ ಹಿಡಿದು, ಶಿವಮೊಗ್ಗದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಅದು ಲಕ್ವ, ಮೊದಲ ಕೆಲವು ಗಂಟೆಗಳಲ್ಲೇ ಔಷಧಿ ಬೀಳಬೇಕಿತ್ತು.

“ಡಾಕ್ಟ್ರು ಯಾವಾಗ ಶುರುವಾಯ್ತು ಅಂತ ಕೇಳಿದ್ರು. ಬೆಳಿಗ್ಗೆ ಅಂದೆ. ಬರ್ಕೊಂಡ್ರು, ಅಷ್ಟೆ. ಬೈದಿದ್ರೆ ಚೆನ್ನಾಗಿತ್ತು.” ವೀರಮ್ಮ ಇದನ್ನು ಹೇಳುವಾಗ ಗಂಡನ ಕಡೆ ನೋಡುವುದಿಲ್ಲ.

ಕಾಲು ಮರಳಿತು. ಊರುಗೋಲಿನ ಆಸರೆಯಲ್ಲಿ ಗಂಗಾಧರಪ್ಪ ಬೀದಿಯ ತಿರುವಿನವರೆಗೂ ಹೋಗಿಬರುತ್ತಾರೆ. ಎದುರಿನವರು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಮರಳದೆ ಉಳಿದದ್ದು ಮಾತು. ಅಷ್ಟೊಂದು ಮಾತಿದ್ದ ಮನುಷ್ಯನ ಬಾಯಲ್ಲಿ ಈಗ ಇರುವುದು ಒಂದೇ ಶಬ್ದ: ಇರು. ಹಸಿವಾದರೂ ಇರು, ನೋವಾದರೂ ಇರು, ಮೊಮ್ಮಗಳ ಫೋನು ಬಂದರೂ ಇರು. ದನಿಯ ಏರಿಳಿತ ಹಿಡಿದು ವೀರಮ್ಮ ಅರ್ಥ ಮಾಡಿಕೊಳ್ಳುತ್ತಾರೆ. ಕೆಲವೊಮ್ಮೆ ತಪ್ಪುತ್ತದೆ. ಆಗ ಗಂಗಾಧರಪ್ಪ ಕಣ್ಣು ಮುಚ್ಚಿಕೊಂಡುಬಿಡುತ್ತಾರೆ.

ಒಂದು ವರ್ಷ ಅಂಗಡಿಯ ಷಟರ್ ಎತ್ತಲಿಲ್ಲ. ಆದರೆ ಒಳಗಿನ ಕಪಾಟಿನಲ್ಲಿ ಜನ ಕೊಟ್ಟು ಹೋಗಿದ್ದ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳು ಹಾಗೇ ಇದ್ದವು. ಕೆಲವನ್ನು ಗಂಗಾಧರಪ್ಪ ಅರ್ಧ ಬಿಚ್ಚಿಟ್ಟಿದ್ದರು. ಯಾರಾದರೂ ಬಂದು ಮುಜುಗರದಿಂದ ಕೇಳಿದಾಗ ವೀರಮ್ಮ ಬಿಚ್ಚಿದ ತುಂಡುಗಳನ್ನು ಚೀಲಕ್ಕೆ ತುಂಬಿ ಕೊಡುತ್ತಿದ್ದರು. “ಕೆಟ್ಟ ಸಾಮಾನು ಕೊಟ್ಟೋರಿಗೆ ಪುಡಿ ಸಾಮಾನು ವಾಪಸ್ ಕೊಡೋದು. ಇವರು ಕೂತ್ಕೊಂಡು ನೋಡೋರು. ನಂಗೆ ಸಂಕಟ ಆಗೋದು.”

ಆ ವರ್ಷದ ಕೊನೆಯಲ್ಲಷ್ಟೇ ಗಂಡನನ್ನು ವಾರಕ್ಕೊಮ್ಮೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಮಾತಿನ ಚಿಕಿತ್ಸೆ ಕೊಡುವ ಪ್ರಿಯದರ್ಶಿನಿಯವರ ಹತ್ತಿರ ಕರೆದೊಯ್ಯಲು ಶುರುಮಾಡಿದ್ದರು. ಏನಾಗಿದೆ ಎಂದು ತಿಳಿಸಲು ಪ್ರಿಯದರ್ಶಿನಿ ಒಮ್ಮೆ ತಮ್ಮ ಟ್ಯಾಬನ್ನು ಮೇಜಿಗೆ ಹಿಡಿದು ತೋರಿಸಿದರು. ಮೇಜಿನ ಮೇಲೆ ಮನುಷ್ಯನ ಮೆದುಳು ನಿಂತಿತ್ತು. ರಕ್ತ ಹರಿಯುವ ನಾಳ ಎಲ್ಲಿ ಕಟ್ಟಿಕೊಂಡಿತು, ಮಾತು ಹುಟ್ಟುವ ಜಾಗ ಯಾವುದು ಎಂದು ವೀರಮ್ಮ ಕುರ್ಚಿಯಿಂದ ಎದ್ದು, ಸುತ್ತು ಬಂದು ನೋಡಿದರು.

“ಇದನ್ನ ಬಿಚ್ಚಿ ಸರಿ ಮಾಡೋಕಾಗಲ್ವಾ ಮೇಡಂ?”

“ಆಗಲ್ಲ ಅಮ್ಮ. ಹಾಳಾದ ದಾರಿ ಬಿಟ್ಟು ಪಕ್ಕದ ದಾರಿ ಹಿಡಿಯೋದನ್ನ ನಿಧಾನಕ್ಕೆ ಕಲಿಸ್ಬೇಕು.”

ವೀರಮ್ಮ ಟ್ಯಾಬಿನ ಕಡೆ ಬೆರಳು ತೋರಿಸಿ ಇನ್ನೊಂದು ಪ್ರಶ್ನೆ ಕೇಳಿದರು: “ಇದ್ರಲ್ಲಿ ಮಿಕ್ಸಿ ಇದ್ಯಾ?”

“ನಂಗೆ ತಪ್ಪಾಗಿ ಕೇಳಿಸ್ತೇನೋ ಅಂದ್ಕೊಂಡೆ,” ಎಂದು ಪ್ರಿಯದರ್ಶಿನಿ ನೆನಪಿಸಿಕೊಳ್ಳುತ್ತಾರೆ. “ನಗುನೂ ಬಂತು. ಅವರು ನಗ್ಲಿಲ್ಲ. ಆಮೇಲೆ ಹುಡುಕಿದೆ. ಮನೆ ಸಾಮಾನು ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸೋ ಆಪ್ ಇತ್ತು. ಮುಂದಿನ ವಾರ ಅವರ ಫೋನಿಗೇ ಹಾಕ್ಕೊಟ್ಟೆ.”

ಆಪ್ ಮಾತಾಡುವುದು ಇಂಗ್ಲಿಷಿನಲ್ಲಿ. ವೀರಮ್ಮ ಶಬ್ದವನ್ನು ಬಂದ್ ಮಾಡಿ ನೋಡುತ್ತಾರೆ. ಭಾಗಗಳ ಹೆಸರನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾರ್ಬನ್, ಬುಷ್, ಕೆಪಾಸಿಟರ್, ಎಲಿಮೆಂಟು ಎಲ್ಲವೂ ಅಡಿಗೆಮನೆಯ ಬಾಗಿಲು ದಾಟಿ ಬಂದು ವರ್ಷಾನುಗಟ್ಟಲೆ ಕಿವಿಗೆ ಬಿದ್ದಿದ್ದವು. “ಹೆಸರು ಇವರು ಕೊಟ್ಟಿದ್ದು. ಯಾವ ಹೆಸರು ಯಾವುದಕ್ಕೆ ಅಂತ ಫೋನು ತೋರಿಸ್ತು,” ಎನ್ನುತ್ತಾರೆ ಅವರು. ಕಪಾಟಿನಲ್ಲಿದ್ದ ಮೊದಲ ಮಿಕ್ಸಿ ತಿರುಗಲು ಹತ್ತಾರು ದಿನ ಹಿಡಿಯಿತು. ಈಗ ದಿನಕ್ಕೆ ಮೂರೋ ನಾಲ್ಕೋ ಸಾಮಾನು ಬರುತ್ತವೆ. ಮೋಟರಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ ಅವರಿಗೆ ಬರುವುದಿಲ್ಲ. ಅಂಥವನ್ನು ಶಿವಮೊಗ್ಗಕ್ಕೆ ಕಳಿಸುತ್ತಾರೆ. ಬರುವುದಿಲ್ಲ ಎಂದು ಹೇಳಲು ಅವರಿಗೆ ಸಂಕೋಚವಿಲ್ಲ.

ಕಲಿತದ್ದನ್ನು ಮೊದಲು ಗಂಡನಿಗೆ ತೋರಿಸಬೇಕೆಂದು ವೀರಮ್ಮನಿಗೆ ಆಸೆಯಿತ್ತು. ಒಂದು ಬೆಳಿಗ್ಗೆ ಫೋನನ್ನು ಅವರ ಮುಂದೆ ಹಿಡಿದು ಫ್ಯಾನೊಂದನ್ನು ಗಾಳಿಯಲ್ಲಿ ಬಿಚ್ಚಿದರು. ಗಂಗಾಧರಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಡಗೈಯಿಂದ ಫೋನನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ ಮುಖ ತಿರುಗಿಸಿದರು. “ಕೋಪ ಅಲ್ಲ ಅದು. ಅದನ್ನ ಬಿಡಿಸಿ ಹೇಳೋದು ಅವರ ಕೆಲಸ. ಕೇಳೋಳು ನಾನಾಗಿರ್ಬೇಕಿತ್ತು. ಈಗ ಕೇಳ್ತೀನಿ ಅಂತ ಕೂತ್ರೆ ಯಾವುದೋ ಫೋನು ಹೇಳ್ತಿದೆ.” ಅಂದಿನಿಂದ ವೀರಮ್ಮ ಆಪ್ ತೆರೆಯುವಾಗ ಪರದೆ ಗಂಡನಿಗೆ ಕಾಣದಂತೆ ತಿರುಗಿ ನಿಲ್ಲುತ್ತಾರೆ.

ಕಳೆದ ವರ್ಷ ಒಂದು ಅನಾಹುತವೂ ಆಯಿತು. ಪಕ್ಕದ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಪುಟ್ಟಯ್ಯನವರ ಇಸ್ತ್ರಿಪೆಟ್ಟಿಗೆ ಬಂದಿತ್ತು. ವೀರಮ್ಮ ಆಪ್ ತೋರಿಸಿದ ಕ್ರಮದಲ್ಲೇ ಬಿಚ್ಚಿ, ಕಾಯಿಸುವ ಎಲಿಮೆಂಟು ಬದಲಿಸಿ, ಅದೇ ಕ್ರಮದಲ್ಲಿ ಜೋಡಿಸಿದರು. ಬಿಸಿಯೂ ಆಯಿತು. ಆದರೆ ಒಳಗೆ ಹಳೆಯ ತಂತಿಯೊಂದರ ಹೊದಿಕೆ ಸುಟ್ಟು ಕಬ್ಬಿಣಕ್ಕೆ ತಾಗುತ್ತಿತ್ತು. ಮರುದಿನ ಹಿಡಿ ಹಿಡಿದ ಪುಟ್ಟಯ್ಯ, ಬೆರಳು ಪಕ್ಕದ ಲೋಹಕ್ಕೆ ತಗುಲಿದ್ದೇ ಗೋಡೆಗೆ ಹೋಗಿ ಬಿದ್ದರು. ಜೀವಕ್ಕೇನೂ ಆಗಲಿಲ್ಲ. ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಅವರು ಕೂಗಿದ್ದನ್ನು ವೀರಮ್ಮ ತಲೆ ತಗ್ಗಿಸಿ ಕೇಳಿದರು. ಷಟರ್ ಎಳೆದು ಫೋನಿನಿಂದ ಆಪನ್ನೂ ತೆಗೆದುಹಾಕಿದರು.

ವಾರ ಕಳೆದಮೇಲೆ ಒಂದು ಮುಂಜಾನೆ ಅಂಗಡಿಯೊಳಗೆ ಏನೋ ಬಿದ್ದ ಸದ್ದು. ಓಡಿಹೋಗಿ ನೋಡಿದರೆ, ಗಂಗಾಧರಪ್ಪ ಊರುಗೋಲು ಬಿಟ್ಟು ಕಪಾಟಿಗೆ ಆತುಕೊಂಡು ನಿಂತಿದ್ದಾರೆ. ಎಡಗೈಯಲ್ಲಿ ಹಲಗೆಗೆ ಕೂರಿಸಿದ ಹಳೆಯ ಬಲ್ಬು, ಅದರಿಂದ ಜೋತುಬಿದ್ದ ಎರಡು ತಂತಿ. “ಇರು,” ಎಂದರು. ಮೇಜಿನ ಮೇಲೆ ಬಲ್ಬಿನ ಹಲಗೆ ಇಟ್ಟು, ಅದರ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವಂತೆ, ಒಂದು ತಂತಿಯನ್ನು ಇಸ್ತ್ರಿಪೆಟ್ಟಿಗೆಯೊಂದರ ಪಿನ್ನಿಗೆ ಮುಟ್ಟಿಸುವಂತೆ, ಇನ್ನೊಂದನ್ನು ಅದರ ಮೈಗೆ ಮುಟ್ಟಿಸುವಂತೆ ಬೆರಳಿನಿಂದ ತೋರಿಸಿದರು. ಬಲ್ಬು ಹತ್ತಿದರೆ ಕರೆಂಟು ಮೈಗೆ ಬರುತ್ತಿದೆ ಎಂದರ್ಥ. ಹತ್ತದಿದ್ದರೆ ಕೊಡಬಹುದು. ರಿಪೇರಿಯಾದ ಯಾವ ಸಾಮಾನನ್ನೂ ಅವರು ಈ ಪರೀಕ್ಷೆ ಮಾಡದೆ ಹೊರಗೆ ಕಳಿಸಿದವರಲ್ಲ.

“ಆ ಬಲ್ಬು ಇಟ್ಕೊಂಡು ಕೂತಿರೋದನ್ನ ದಿನಾ ನೋಡಿದ್ದೆ,” ವೀರಮ್ಮನ ದನಿ ಇಳಿಯುತ್ತದೆ. “ಊಟ ಆರಿಹೋಗ್ತಿದೆ, ಇನ್ನೂ ಆ ಬಲ್ಬಿನ ಆಟ ಆಡ್ತಿದೀರಲ್ಲ ಅಂತ ಬೈದಿದ್ದೆ. ಯಾಕೆ ಅಂತ ಒಂದಿನ ಕೇಳಿದ್ರೆ ಎಷ್ಟು ಖುಷಿಯಿಂದ ಹೇಳ್ತಿದ್ರೋ. ಫೋನಲ್ಲಿ ಅದು ಇಲ್ಲ. ಫೋನಲ್ಲಿ ಯಾವುದೂ ಹಳೇದಾಗಲ್ಲ.”

ಷಟರ್ ಮತ್ತೆ ಮೇಲೇರಿತು, ಆಪ್ ಫೋನಿಗೆ ಮರಳಿತು. ಪುಟ್ಟಯ್ಯ ಮಾತ್ರ ಮರಳಲಿಲ್ಲ. “ಆಯಮ್ಮ ಮನೆಗೇ ಬಂದು ಕೈ ಮುಗಿದ್ರು. ಕೋಪ ಇಲ್ಲ ನಂಗೆ,” ಎನ್ನುತ್ತಾರೆ ಅವರು. “ಆದ್ರೆ ಪೆಟ್ಟಿಗೆ ಬೇರೆ ಕಡೆ ಕೊಡ್ತೀನಿ. ಸುಳ್ಳು ಯಾಕೆ ಹೇಳ್ಲಿ, ಕೈ ಹೆದರುತ್ತೆ.”

ಚಿಕಿತ್ಸೆ ನಡೆದೇ ಇದೆ. ಮೊದಲ ತಿಂಗಳುಗಳಲ್ಲೇ ಬಂದಿದ್ದರೆ ಇನ್ನಷ್ಟು ಮಾತು ಮರಳುತ್ತಿತ್ತೇನೋ ಎಂದು ಕೇಳಿದಾಗ ಪ್ರಿಯದರ್ಶಿನಿ ಮುಚ್ಚಿಡುವುದಿಲ್ಲ. “ಮರಳ್ತಿತ್ತೇನೋ. ಈಗ್ಲೂ ಪ್ರಯತ್ನ ಬಿಟ್ಟಿಲ್ಲ. ಆದ್ರೆ ಮೊದಲಿನ ಹಾಗೆ ವಿವರಿಸಿ ಹೇಳ್ತಾರೆ ಅಂತ ನಾನು ಆಸೆ ಹುಟ್ಟಿಸಲ್ಲ.” ವೀರಮ್ಮನಿಗೂ ಇದು ಗೊತ್ತು. ಚಿಕಿತ್ಸೆಯ ದಿನ ಅಂಗಡಿಗೆ ರಜೆ. ಗಂಡನ ಅಂಗಿಗೆ ತಾವೇ ಗುಂಡಿ ಹಾಕಿ, ತಲೆ ಬಾಚಿ, ಬಸ್ಸಿನ ಕಿಟಕಿ ಪಕ್ಕದಲ್ಲಿ ಕೂರಿಸುತ್ತಾರೆ.

ಬರುವ ಮಳೆಗಾಲಕ್ಕೆ ಅವರದೊಂದು ಆಸೆಯಿದೆ. ತುಂಗೆ ತುಂಬಿ ಗಾಜನೂರಿನ ಅಣೆಕಟ್ಟೆಯ ಗೇಟು ಎತ್ತುವ ದಿನ, ಚಿಕಿತ್ಸೆ ಮುಗಿಸಿಕೊಂಡು ಗಂಡನನ್ನು ಅಲ್ಲಿಗೆ ಕರೆದೊಯ್ಯಬೇಕು.

“ಅಷ್ಟು ದೊಡ್ಡ ಗೇಟು ಹೇಗೆ ಮೇಲೇಳುತ್ತೆ ಅಂತ ನಂಗೆ ಗೊತ್ತಿಲ್ಲ. ಫೋನಲ್ಲಿ ಹುಡುಕಿದೆ, ಅಲ್ಲೂ ಇಲ್ಲ,” ಎನ್ನುತ್ತಾರೆ ವೀರಮ್ಮ. “ಇವರಿಗೆ ಗೊತ್ತಿರುತ್ತೆ. ಹೇಳೋಕಾಗಲ್ಲ, ಪರವಾಗಿಲ್ಲ. ಅವರು ಎಲ್ಲಿ ನೋಡ್ತಾರೋ ನಾನೂ ಅಲ್ಲೇ ನೋಡ್ತೀನಿ. ಅವತ್ತು ಮನೆಗೆ ಹೋಗೋಣ ಅಂತ ನಾನು ಅವಸರ ಮಾಡಲ್ಲ.”