ನಡುವಿನ ಕಳ್ಳನ ಹೆಂಡತಿ

ಮೊನ್ನೆ ಪೆಟ್ಟಿಗೆಯಿಂದ ಹಳೆಯ ಕಂಬಳಿ ತೆಗೆದು ಬಿಸಿಲಿಗೆ ಹರವಿದೆ. ಕುರಿ ಉಣ್ಣೆಯ ಒರಟು ವಾಸನೆ, ಅದರೊಳಗೆ ಹುರುಳಿ ಹೊಟ್ಟಿನ ಘಾಟು... ನಮ್ಮತ್ತೆ ಬಂದು ಪಕ್ಕದಲ್ಲಿ ಕೂತಂತಾಯಿತು. ಮಕ್ಕಳೇ, ಅವರು ನಿಮ್ಮ ತಾತನ ತಾಯಿ. ನೀವು ಅವರನ್ನು ನೋಡಿಲ್ಲ.

ಉಡಿಗಾಲ ಊರಿನ ನನ್ನನ್ನು ಭೀಮನಬೀಡಿಗೆ ಮದುವೆ ಮಾಡಿ ಕೊಟ್ಟಿದ್ದು ವೈಶಾಖದಲ್ಲಿ. ಗಂಡಿನ ಮನೆಯ ಮುಂದೆಯೇ ಚಪ್ಪರ. ತಾಳಿ ಕಟ್ಟಿದ ಮೇಲೆ ಅಯ್ಯನವರು ನಮ್ಮಿಬ್ಬರನ್ನೂ ಹೊರಗೆ ಕರೆತಂದು, ಆಕಾಶಕ್ಕೆ ಕೈ ತೋರಿಸಿ, ಅರುಂಧತಿ ನಕ್ಷತ್ರ ಕಂಡಿತೇ ಎಂದು ಕೇಳಿದರು. ಸುಡುವ ಮಧ್ಯಾಹ್ನ. ಕಾಣದಿದ್ದರೂ ಹೂಂ ಅನ್ನುವುದು ಪದ್ಧತಿ. ನಿಮ್ಮ ತಾತ ಹೂಂ ಅಂದರು. ನನಗೆ ಆ ಪದ್ಧತಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಲೆ ತಗ್ಗಿಸಿ ‘ಇಲ್ಲ’ ಅಂದುಬಿಟ್ಟೆ.

ವಾಲಗ ನಿಂತಿತು. ಅತ್ತೆಯ ನಾದಿನಿ ಎಲ್ಲರಿಗೂ ಕೇಳುವಂತೆ, “ಅರುಂಧತಿ ಕಾಣ್ದವ್ಳ್ಗೆ ಆಯಸ್ಸು ಕಮ್ಮಿ ಅಂತರೆ. ಎಂತಾ ಎಣ್ಣ್ ತಂದ್ಬುಟ್ಟೆ ಅತ್ಗೆ!” ಅಂದರು. ನಮ್ಮಪ್ಪನ ಮುಖ ಕಪ್ಪಿಟ್ಟಿತು. ಅಪಶಕುನದವಳು ಎಂಬ ಹೆಸರು ಹೊತ್ತು ಆ ಮನೆಯಲ್ಲಿ ಹೇಗೆ ಬಾಳುವುದು...

ಅತ್ತೆ ಬಂದು ನನ್ನ ಕೈ ಹಿಡಿದರು. “ಅಗಲೊತ್ತಲ್ಲಿ ಚುಕ್ಕಿ ಯಾರ್ಗಮ್ಮಿ ಕಂಡದೆ? ನನ್ ಮದ್ವೇಲಿ ನಾನೂ ಹೂಂ ಅಂದೆ. ಕಂಡಿದ್ದು ಬರೀ ಬಿಸ್ಲು. ಇವ್ಳು ದಿಟ ಏಳವ್ಳೆ. ಕಾಣೋ ವತ್ಗೆ ನಾನೇ ತೋರುಸ್ತೀನಿ.”

ಮುಸ್ಸಂಜೆ ಕಳೆದು ಕತ್ತಲಾದ ಕೂಡಲೇ ಒಕ್ಕುವ ಕಣದಲ್ಲಿ ಈ ಕಂಬಳಿ ಹಾಸಿದರು. ಅತ್ತೆಯ ನಾದಿನಿಯೂ ಪರೀಕ್ಷೆ ನೋಡಲು ಬಂದು ಕೂತರು. ಅತ್ತೆ ಬಡಗಣ ದಿಕ್ಕಿಗೆ ಕೈ ಮಾಡಿದರು. “ಅಯ್ನೋರು ಸಪ್ತರ್ಷಿ ಅಂತರೆ. ನಮ್ಗೆ ಅದು ಮುದ್ಕಿ ಮಂಚ. ನಾಕು ಚುಕ್ಕಿ ಮಂಚದ ಕಾಲು. ಹಿಂದ್ಗಡೆ ಮೂರು, ಮಂಚ ಕದಿಯಕ್ ಬಂದ ಕಳ್ರು. ನಡುವ್ನವ ಎಂಡ್ತೀನೂ ಕರ್ಕ ಬಂದವ್ನೆ, ನೋಡು. ಅವ್ಳೇ ಅರುಂಧತಿ.”

ನನಗೆ ಕಂಡದ್ದು ಕಳ್ಳ ಮಾತ್ರ. ನಾದಿನಿ ಗಂಟಲು ಸರಿಮಾಡಿಕೊಂಡರು.

“ದುರುಗುಟ್ಕಂಡು ನೋಡ್ಬ್ಯಾಡ ಕಣಮ್ಮಿ. ಬೆಳಗಿಂದ ಗಂಡನ್ನ ನೋಡ್ತಿದ್ಯಲ್ಲ, ಅಂಗೆ ವಸಿ ಪಕ್ಕಕ್ಕೆ ನೋಡು.”

ನಾಚಿಕೆಯಿಂದ ದೃಷ್ಟಿ ಸರಿಸಿದೆ. ಅಲ್ಲಿತ್ತು! ದೊಡ್ಡ ಚುಕ್ಕಿಗೆ ಒತ್ತಿಕೊಂಡು, ಸಾಸಿವೆಯಷ್ಟು ಬೆಳಕು. “ಕಾಣ್ತು ಅತ್ತೆ” ಎಂದು ಕೂಗಿಬಿಟ್ಟೆ. ನಾದಿನಿ ಎಷ್ಟು ಕಣ್ಣು ಕಿರಿದು ಮಾಡಿದರೂ ಅವರಿಗೆ ಕಾಣಲಿಲ್ಲ. “ಎದ್ರುಕೋಬ್ಯಾಡ ಅಮ್ಮಿ, ನಿನ್ ಆಯಸ್ಸು ಗಟ್ಟಿಯಾಗೇ ಅದೆ” ಅಂದರು ಅತ್ತೆ ಅವರ ಕಡೆ ತಿರುಗಿ. ನಾದಿನಿಯೇ ಮೊದಲು ನಕ್ಕರು. ಆಮೇಲೆ ಅಪಶಕುನದ ಮಾತನ್ನು ಯಾರೂ ಎತ್ತಲಿಲ್ಲ.

“ಅವ್ಳು ‘ಬ್ಯಾಡ, ತಪ್ಪು’ ಅಂತ ಗಂಡನ್ ಕೈ ಜಗ್ತಾವ್ಳೆ. ಅದ್ಕೇ ಮುದ್ಕಿ ಮಂಚ ಇನ್ನೂ ಅಲ್ಲೇ ಅದೆ” ಎಂದು ಅತ್ತೆ ಕತೆ ಮುಗಿಸಿದರು. ಅಂಥವರ ಸೊಸೆ ನಾನು. ಯಾರ ಮುಂದೆಯೂ ಹೆಚ್ಚು ಮಾತಾಡದವಳು, ಇದನ್ನು ಮಾತ್ರ ತಲೆಯೆತ್ತಿ ಹೇಳುತ್ತೇನೆ.

ಅತ್ತೆ ಹೋದರು. ನಿಮ್ಮ ತಾತನೂ ಹೋದರು... ಮೊನ್ನೆ ಕತ್ತಲಾದ ಮೇಲೆ ಗುಂಡ್ಲುಪೇಟೆಯ ಮನೆಯ ತಾರಸಿಯಲ್ಲಿ ಅದೇ ಕಂಬಳಿ ಹಾಸಿ ನಿಮಗೆಲ್ಲ ಮಂಚ ತೋರಿಸಿದೆನಲ್ಲ. ನಾನೂ ಪಕ್ಕಕ್ಕೆ ನೋಡಿದೆ. ಮತ್ತೆ ನೋಡಿದೆ.

“ನಿಂಗೆ ಅರುಂಧತಿ ಕಾಣ್ತಾ ಅಜ್ಜಿ?” ಎಂದು ಚಿಕ್ಕವಳು ಕೇಳಿದಳು.

ಹೂಂ ಅನ್ನಬಹುದಿತ್ತು.

“ಇಲ್ಲ ಕಣಮ್ಮಿ” ಅಂದೆ. “ನೀನೇ ನೋಡಿ ನಂಗೆ ಏಳು.”