ಕಚ್ಚದ ಗ್ರಹಣ, ಬೀಳದ ಒನಕೆ

ನರಗುಂದದಲ್ಲಿ ಬಂಡಾಯ ಏಳುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಗಜೇಂದ್ರಗಡದ ನೇಕಾರ ಓಣಿಯ ರೇಣುಕವ್ವ ಎಂಥ ಪುಕ್ಕಲಿಯೆಂದರೆ, ಅವಳು ನಿಟ್ಟುಸಿರು ಬಿಟ್ಟರೆ ಮೂರನೆಯ ಮನೆಯ ಮಗ್ಗದಲ್ಲಿ ಎಳೆ ಹರಿಯುತ್ತಿತ್ತು. ಚೊಚ್ಚಲ ಬಸುರಿ ಮಗಳು ಹೊನ್ನವ್ವ ತವರಿಗೆ ಬಂದ ಮೇಲಂತೂ ಓಣಿಯ ಅರ್ಧ ನೂಲು ಹಾಳಾಯಿತು.

ಅಂಥವಳಿಗೆ ಜೋಶಿ ರಾಘಣ್ಣ ಪಂಚಾಂಗ ಮಡಚುತ್ತ ಹೇಳಿದ: "ಬರೂ ಹುಣ್ಣಿವಿಗೆ ಚಂದ್ರ ನೆರಳಿನ ಅಂಚಿಗೆ ಹಾದು ಹೋಗ್ತಾನ. ಒಂಚೂರು ಮಂಕಾಗ್ತಾನ, ಅಷ್ಟ. ಗ್ರಹಣ ಹಿಡಿಯೂದಿಲ್ಲ, ಆಚರಣಿ ಏನೂ ಇಲ್ಲ."

"ಹಿಡಿಯೂದಿಲ್ಲ ಅಂದಮ್ಯಾಲೆ ಮಂಕ್ಯಾಕ ಆಗ್ತಾನ್ರಿ? ಪೂರಾ ಗ್ರಹಣಕ್ಕ ತಲಿಮ್ಯಾಲೆ ನೀರು. ಇದಕ್ಕ ಬರೇ ಕಾಲು ತೊಳಕೊಂಡ್ರ ನಡೀತೈತೇನ್ರಿ?"

ರಾಘಣ್ಣ ನಕ್ಕ. ಅವಳು ನಗಲಿಲ್ಲ. ಗ್ರಹಣದ ಹೊತ್ತಿನಲ್ಲಿ ಬಸುರಿಯ ಮನೆಯಲ್ಲಿ ಏನಾದರೂ ಕೊಯ್ದರೆ ಕೂಸಿಗೆ ಕೇಡು ಎಂದು ಓಣಿಯೆಲ್ಲ ನಂಬಿತ್ತು. ರೇಣುಕವ್ವನ ತಮ್ಮನೊಬ್ಬ ಸೀಳುತುಟಿಯಲ್ಲಿ ಹುಟ್ಟಿ, ಮೊಲೆ ಹಿಡಿಯಲಾಗದೆ ತೀರಿಕೊಂಡಿದ್ದ.

ಅಂದೇ ಕತ್ತರಿ, ಈಳಿಗೆ, ಕುಡಗೋಲು ಎಲ್ಲವೂ ಜೋಳದ ಗಡಿಗೆಯೊಳಗೆ ಸೇರಿದವು. ನೇಯ್ದದ್ದನ್ನು ಕೊಯ್ಯುವಂತಿಲ್ಲದೆ ಗಂಡ ದ್ಯಾಮಪ್ಪ ನೇಯುತ್ತಲೇ ಹೋದ. ಸೀರೆ ಬೆಳೆಯುತ್ತ ಬೆಳೆಯುತ್ತ ರೋಣದ ಊರಬಾಗಿಲು ಮುಟ್ಟಿತು.

ಹುಣ್ಣಿಮೆಯ ಮಧ್ಯಾಹ್ನವೇ ಹೊನ್ನವ್ವನಿಗೆ ಬೇನೆ ಶುರುವಾಯಿತು. ರೇಣುಕವ್ವ ಅಗಲವಾದ ಪರಾತದಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದಳು. ಗ್ರಹಣ ಇರುವ ತನಕ ಒನಕೆ ನಿಲ್ಲುತ್ತದೆ, ಬಿಟ್ಟೊಡನೆ ಬೀಳುತ್ತದೆ. ಹಿರಿಯರ ಗಡಿಯಾರ ಅದು. ಸಂಜೆ ಚಂದ್ರ ಮೂಡಿದ, ಗಂಜಿಯಲ್ಲಿ ಅದ್ದಿ ತೆಗೆದವನ ಹಾಗೆ. ಹಿಡಿದಿದೆಯೋ ಬಿಟ್ಟಿದೆಯೋ ಯಾರಿಗೂ ತಿಳಿಯಲೊಲ್ಲದು.

ಅಷ್ಟರಲ್ಲಿ ಕೂಸು ಬಂತು. ರೇಣುಕವ್ವ ಮೊದಲು ತುಟಿ ಸವರಿ ನೋಡಿದಳು. ನೆಟ್ಟಗಿತ್ತು.

"ಕುಡಗೋಲು ಕೊಡ ಯಕ್ಕಾ, ಹೊಕ್ಕಳಬಳ್ಳಿ ಕೊಯ್ಬೇಕು," ಎಂದಳು ಸೂಲಗಿತ್ತಿ ಮಾಸುಮಬಿ.

"ಒನಕಿ ಇನ್ನಾ ನಿಂತೈತಿ!"

"ಅದು ನಿಂತ್ರ ನಿಂದರ್ಲಿ ಬಿಡ! ಇಲ್ಲಿ ಕೂಸು ತಣ್ಣಗಾಗಾಕತ್ತೈತಿ."

ಒನಕೆ ಕೋಟೆಯ ಕಾವಲುಗಾರನಂತೆ ಸೆಟೆದು ನಿಂತಿತ್ತು. ರೇಣುಕವ್ವನ ಕಾಲುಗಳು ನೆಲಕ್ಕೆ ಬೇರು ಬಿಟ್ಟಿದ್ದವು. ಹೊನ್ನವ್ವ ಮಲಗಿದಲ್ಲಿಂದಲೇ ಕೂಗಿದಳು: "ಯವ್ವಾ, ನೀ ನನ್ನ ಹಡದೀಯೋ ಒನಕಿ ಹಡದೀಯೋ?"

ಜನ್ಮವೆಲ್ಲ ಇರುವೆಗೂ ದಾರಿ ಬಿಟ್ಟು ನಡೆದ ರೇಣುಕವ್ವ ಎಡಗಾಲೆತ್ತಿ ಒನಕೆಗೆ ಒದ್ದಳು. ಪರಾತದ ನೀರು ಮನೆಯ ತುಂಬ ಹರಿಯಿತು.

"ಬಿತ್ತು! ಗ್ರಹಣ ಬಿಟ್ಟತು!" ಎನ್ನುತ್ತ ಗಡಿಗೆಗೆ ಕೈ ಹಾಕಿದಳು.

ಬಳ್ಳಿ ಕೊಯ್ದ ಮೇಲೆ ಹೊರಗಿದ್ದ ಗಂಡನಿಗೆ ಕತ್ತರಿ ಎಸೆದಳು. "ಏನ್ರಿ, ಸೀರಿ ಕೊಯ್ರಿ ಇನ್ನ!"

ಆಮೇಲೆ ಬಾಗಿಲು ಮುಂದಕ್ಕೆಳೆದು, ದೀಪ ಹಿಡಿದು ಕೂಸಿನ ತುಟಿಯನ್ನು ಮತ್ತೊಮ್ಮೆ ನೋಡಿದಳು.