ಸೌನಾದಲ್ಲಿ ನಿಂತ ಮರ

ನನ್ನ ಅತ್ತೆ ಮೈಮು ಅವರಿಗೆ ಎಪ್ಪತ್ತೆಂಟು ವರ್ಷ. ಕಳೆದ ಚಳಿಗಾಲದಲ್ಲಿ ಕ್ರಿಸ್‌ಮಸ್ ಮರ ಎಳೆದು ತರುವಾಗ ಹಿಮದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ಮೂವತ್ತನಾಲ್ಕು ವರ್ಷ ದಕ್ಷಿಣ ಎಸ್ಟೋನಿಯಾದ ಕಾಡುಗಳಲ್ಲಿ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರದ ಸಸಿ ನೆಟ್ಟ ಕೂಲಿ ಹೆಂಗಸು ಅವರು. ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ.

ಈ ಸಲ ನನ್ನ ಹೆಂಡತಿ ತೀಯು ಅಮ್ಮನನ್ನು ಒಂದು ಮಾತೂ ಕೇಳದೆ ಪ್ಲಾಸ್ಟಿಕ್ ಮರ ತಂದು ನಡುಮನೆಯಲ್ಲಿ ನಿಲ್ಲಿಸಿದಳು. ಡಿಸೆಂಬರ್ ಇಪ್ಪತ್ತನಾಲ್ಕು, ನಮ್ಮಲ್ಲಿ ಅಂದೇ ಸಂಜೆ ಹಬ್ಬ. ಬೆಳಗ್ಗೆ ಅತ್ತೆ ಅದನ್ನು ಊರುಗೋಲಿನಿಂದ ತಿವಿದು ನೋಡಿದರು.

"ಇದೇನೇ ಇದು, ಬಾಟ್ಲಿ ತೊಳೆಯೋ ಬ್ರಷ್ಷಾ?"

"ಅಮ್ಮಾ, ಇನ್ಮೇಲೆ ಕಾಡೂ ಬೇಡ, ಗರಗಸಾನೂ ಬೇಡ. ಮತ್ತೆ ಬಿದ್ರೆ ಏನು ಗತಿ?"

"ಬಿದ್ರೆ ಕಾಡಲ್ಲೇ ಬೀಳ್ತೀನಿ. ನಾನು ಉಸಿರಾಡೋವರೆಗೂ ನನ್ನ ಮರ ನಾನೇ ಆರಿಸ್ತೀನಿ. ರೈವೋ, ಕಾರು ತೆಗಿ."

ಅತ್ತೆಗೂ ಹೆಂಡತಿಗೂ ನಡುವೆ ನನ್ನದು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು. ಕಾರು ತೆಗೆದೆ. ತೀಯು ಮುಖ ಊದಿಸಿಕೊಂಡೇ ಹಿಂದೆ ಹತ್ತಿದಳು. ಅಮ್ಮನನ್ನು ನನ್ನೊಬ್ಬನ ಜೊತೆ ಕಳಿಸುವ ಧೈರ್ಯ ಅವಳಿಗೆ ಇರಲಿಲ್ಲ.

ನಾನು ಪೇಟೆಯಲ್ಲಿ ಬೆಳೆದವನು. ಕಾಡಿಗೆ ಕಾಲಿಟ್ಟವನೇ ಬಯಲಲ್ಲಿ ನೆಟ್ಟಗೆ, ತುಂಬಿಕೊಂಡು ನಿಂತಿದ್ದ ಒಂದು ಮರ ಹಿಡಿದು ಗರಗಸ ಇಟ್ಟೆ. ಊರುಗೋಲು ಬಂದು ನನ್ನ ಮೊಣಕೈಗೆ ಬಡಿಯಿತು.

"ಏಯ್, ಸಾಲು ಕಾಣಲ್ವೇನೋ? ಯಾವಳೋ ಸೊಂಟ ಬಗ್ಗಿಸಿ ನೆಟ್ಟಿರೋದು ಅದು. ಇನ್ನೂ ನೂರು ವರ್ಷ ಬಾಳೋ ಮರ. ನಾಲ್ಕು ದಿನದ ಹಬ್ಬಕ್ಕೆ ಅದರ ಕುತ್ತಿಗೆ ಕೊಯ್ತೀಯಾ?"

"ಗೊತ್ತಾಗ್ಲಿಲ್ಲ ಅತ್ತೆ."

"ಇಪ್ಪತ್ತು ವರ್ಷದಿಂದ ಅಳಿಯ ಆಗಿದ್ದೀಯ. ಇನ್ಯಾವಾಗ ಗೊತ್ತಾಗೋದು?"

ನಮ್ಮ ಕಡೆ ಬಾಳಿ ಬದುಕುವ ಮರವನ್ನು ಹಬ್ಬಕ್ಕೆ ಕಡಿಯುವುದಿಲ್ಲ. ವಿದ್ಯುತ್ ತಂತಿಯ ಕೆಳಗೋ ಚರಂಡಿಯ ಅಂಚಿನಲ್ಲೋ ಹುಟ್ಟಿ, ಇವತ್ತಲ್ಲ ನಾಳೆ ಹೇಗೂ ಕೊಡಲಿಗೆ ಬೀಳುವುದನ್ನು ಹುಡುಕಬೇಕು. ಮೊಣಕಾಲುದ್ದದ ಹಿಮದಲ್ಲಿ ಅತ್ತೆ ತಂತಿಯ ದಾರಿ ಹಿಡಿದು ಹೊರಟರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಕೈ ಕೊಡಲು ಹೋದ ತೀಯುವಿನ ಕೈಯನ್ನು ಎರಡು ಸಲ ಕೊಡವಿ ಹಾಕಿದರು. ಕೊನೆಗೆ ಒಂದರ ಮುಂದೆ ನಿಂತರು. ಅದಕ್ಕೆ ಒಂದು ಮಗ್ಗುಲಲ್ಲಿ ಕೊಂಬೆಯೇ ಇರಲಿಲ್ಲ. ಬುಡವೂ ಡೊಂಕು.

"ಇದಾ? ಅಮ್ಮಾ, ಇದು ಸೊಟ್ಟ!"

"ನಾನೂ ಸೊಟ್ಟಾನೇ. ನನ್ನನ್ನೂ ತೆಗೆದು ಪ್ಲಾಸ್ಟಿಕ್ ಅಮ್ಮನ್ನ ತಂದ್ಕೋ."

ತೀಯು ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅತ್ತೆ ಹಿಮದಲ್ಲೇ ಮಂಡಿಯೂರಿ ನನ್ನ ಕೈಯಿಂದ ಗರಗಸ ಕಿತ್ತುಕೊಂಡರು. ತಾವೇ ಮರ ಕೊಯ್ದು ಮುಗಿಸಲು ಕಾಲು ಗಂಟೆ ಹಿಡಿಯಿತು. ಏಳುವಾಗ ಮಾತ್ರ ಮಗಳ ಹೆಗಲು ಹಿಡಿದರು. ನನಗೆ ಆಗ ಆ ಮುದುಕಿಯ ಮೇಲೆ ಎಲ್ಲಿಲ್ಲದ ಹೆಮ್ಮೆ ಬಂತು.

ಆದರೆ ಮನೆ ತಲುಪುವ ಹೊತ್ತಿಗೆ ತೀಯು ಮತ್ತೆ ಗಟ್ಟಿಯಾಗಿದ್ದಳು. "ನಡುಮನೇಲಿ ಎರಡು ಮರಕ್ಕೆ ಜಾಗ ಇಲ್ಲ" ಅಂದಳು.

"ಕೇಳಿದವರ್ಯಾರು? ರೈವೋ, ಸೌನಾಕ್ಕೆ ಎಳಿ."

ಹಿತ್ತಲಿನ ಸೌನಾದಲ್ಲಿ, ಅಂದರೆ ನಮ್ಮ ಬಿಸಿ ಹಬೆಯ ಬಚ್ಚಲುಮನೆಯಲ್ಲಿ, ಹಬ್ಬದ ಸ್ನಾನಕ್ಕೆ ಆಗಲೇ ಕಲ್ಲು ಕಾಯುತ್ತಿತ್ತು. ಬಟ್ಟೆ ಬಿಚ್ಚುವ ಮುಂಗೋಣೆಯಲ್ಲಿ ಮರವನ್ನು ಬೋಳು ಮಗ್ಗುಲು ಗೋಡೆಗೆ ಬರುವಂತೆ ನಿಲ್ಲಿಸಿದೆ. ಆ ಮೂಲೆ ಅತ್ತೆಗೆ ಹೊಸದಲ್ಲ. ಸೋವಿಯತ್ ಕಾಲದಲ್ಲಿ ಕ್ರಿಸ್‌ಮಸ್ ಆಚರಿಸುವಂತಿರಲಿಲ್ಲ, ಮರ ಇಡುವುದಾದರೆ ಹೊಸ ವರ್ಷಕ್ಕೇ. ಅದಕ್ಕೇ ಅತ್ತೆಯ ಅಪ್ಪ ಹೊಸ ವರ್ಷ ಬರುವವರೆಗೆ ಒಂದು ವಾರ ಮರವನ್ನು ಇಲ್ಲೇ ಬಚ್ಚಿಡುತ್ತಿದ್ದರಂತೆ. ಒಂದು ವರ್ಷ ಸಾಮೂಹಿಕ ಬೇಸಾಯದ ಅಧಿಕಾರಿ ತಪಾಸಣೆಗೆ ಬಂದು ಬಾಗಿಲು ತಳ್ಳಿದಾಗ ಅಪ್ಪ ಬತ್ತಲೆಯಾಗಿಯೇ ಮರಕ್ಕೆ ಅಡ್ಡ ನಿಂತು, "ಬನ್ನಿ ಯಜಮಾನ್ರೇ, ಬೆನ್ನು ತಿಕ್ಕಿ" ಅಂದರಂತೆ. ಬಂದವನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ. ಎಂಟು ವರ್ಷದ ಮೈಮು ಮರದ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

ಸಂಜೆ ಸ್ನಾನ ಮುಗಿಸಿ ನಾನು ಟವೆಲ್ ಸುತ್ತಿಕೊಂಡು ಮುಂಗೋಣೆಗೆ ಬಂದರೆ ಅತ್ತೆ ಕೊಂಬೆಗಳಿಗೆ ಮೇಣದ ಬತ್ತಿ ಸಿಕ್ಕಿಸುತ್ತಿದ್ದರು. ಅಷ್ಟರಲ್ಲಿ ಹೊರಗಿನ ಬಾಗಿಲನ್ನು ಕಾಲಿನಿಂದ ತಳ್ಳಿ ತೀಯು ಬಂದಳು. ಕೈಯಲ್ಲಿ ಹಬ್ಬಕ್ಕೆಂದೇ ಹುರಿದ ರಕ್ತದ ಸಾಸೇಜು, ಹುಳಿ ಕೋಸಿನ ತಟ್ಟೆ. ಬೆಂಚಿನ ಮೇಲೆ ಊಟ ಹರಡಿ, ಅಮ್ಮನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು ಬತ್ತಿ ಹಚ್ಚಿದಳು. ಹಿಮಗಾಳಿ ನುಗ್ಗಿ ನಾನು ಗಡಗಡ ನಡುಗಿದೆ.

"ರೀ, ಬಾಗಿಲು ಹಾಕಿ" ಅಂದಳು ತೀಯು.

"ಹಾಕ್ಬೇಡ" ಅಂದರು ಅತ್ತೆ. "ಚಿಕ್ಕೋಳಿದ್ದಾಗ ಹಾಕ್ಕೊಂಡು ಕೂತಿದ್ದೇ ಸಾಕು. ತೆಗೆದಿಡು. ನೋಡೋರು ನೋಡ್ಲಿ."